ಹೆಸರಘಟ್ಟದ ಕೆರೆ ಮತ್ತು ಕಾವಲು



ನಮ್ಮ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಎಸ್.ಎಸ್.ಎಲ್.ಸಿ. ಓದಿ ನೇಗಿಲು ಹಿಡಿದವನು ನಾನು. ಕಥೆ ಕವನ ಬರೆಯುವ ಶಕ್ತಿ ನನಗಿಲ್ಲ. ಆದರೆ ನಾವು ಕೆಲವು ನಿರ್ದೇಶಕರು ಸೇರಿ ಹೆಸರಘಟ್ಟಕ್ಕೆ ಹೋಗಿ ಬಂದೆವು. ಅಲ್ಲಿ ಕಂಡದ್ದನ್ನೂ, ಆ ಊರಿನ ಚರಿತ್ರೆಯಲ್ಲಿ ನಮಗೆ ಸಂಬಂಧಪಟ್ಟದ್ದನ್ನೂ ಸದಸ್ಯರ ಮುಂದೆ ಇಡುವುದು ನನ್ನ ಕರ್ತವ್ಯವೆಂದು ತಿಳಿದು ಈ ನಾಲ್ಕು ಮಾತು ಬರೆದಿದ್ದೇನೆ.

ಹೆಸರಘಟ್ಟವೇ ಯಾಕೆ ಎಂದು ಕೆಲವರು ಕೇಳಬಹುದು. ಪ್ರವಾಸ ಅಂದರೆ ಬಂಡೀಪುರ, ನಾಗರಹೊಳೆ, ಹತ್ತಿರದಲ್ಲಿ ಬೇಕಾದರೆ ಬನ್ನೇರುಘಟ್ಟ, ಇಷ್ಟೇ ಜನರ ಬಾಯಲ್ಲಿ ಬರುವುದು. ಹೆಸರಘಟ್ಟದಲ್ಲಿ ಆನೆ ಇಲ್ಲ, ಹುಲಿ ಇಲ್ಲ. ಒಂದು ದೊಡ್ಡ ಕೆರೆ, ಅದರ ಪಕ್ಕಕ್ಕೆ ಒಂದು ಸಣ್ಣ ಊರು, ಊರಿನ ಆಚೆಗೆ ಕಣ್ಣು ಹಾಯಿಸಿದಷ್ಟು ದೂರ ಹುಲ್ಲು. ಇಷ್ಟೇ. ಆದರೆ ಬೆಂಗಳೂರಿನವರು ಮೊಟ್ಟಮೊದಲು ನಲ್ಲಿಯಲ್ಲಿ ಹಿಡಿದು ಕುಡಿದ ನೀರು ಈ ಕೆರೆಯದು. ನಮ್ಮ ಕೊಟ್ಟಿಗೆಯಲ್ಲಿ ಕಟ್ಟಿರುವ ಸೀಮೆ ಹಸುವಿನ ತಳಿಗೂ ಈ ಊರಿಗೂ ನಂಟಿದೆ. ಕುಡಿಯುವ ನೀರು ಮತ್ತು ಕರೆಯುವ ಹಾಲು ಎರಡರಲ್ಲೂ ಪಾಲಿರುವ ಊರನ್ನು ಸಹಕಾರಿಗಳಾದ ನಾವು ತಿಳಿಯದೆ ಇದ್ದರೆ ಹೇಗೆ?

ನಮ್ಮ ಹಿರಿಯರ ಊರು ಮತ್ತಿಕೆರೆ. ಹೆಸರಿನಲ್ಲೇ ಕೆರೆ ಇದೆ. ನಮ್ಮ ತಂದೆಯವರ ಕಾಲಕ್ಕೆ ಹೊಲಗದ್ದೆ ಬಡಾವಣೆಗಳಾದವು, ನಾವು ಊರಿನಿಂದ ಉತ್ತರಕ್ಕೆ ಸರಿದು ಜಮೀನು ಮಾಡಿಕೊಂಡೆವು. ಕೆರೆಯ ಜಾಗದಲ್ಲಿ ಈಗ ಸುಮಾರು 85 ಎಕರೆಯ ಜಯಪ್ರಕಾಶ ನಾರಾಯಣ ಉದ್ಯಾನವನವಿದೆ. ಒಂದಷ್ಟು ನೀರನ್ನು ಉಳಿಸಿಕೊಂಡು ಸುತ್ತ ಮರ ಬೆಳೆಸಿದ್ದಾರೆ, ಜನ ಬೆಳಿಗ್ಗೆ ಸಂಜೆ ನಡೆದಾಡುತ್ತಾರೆ. ಅಷ್ಟಾದರೂ ಉಳಿಯಿತಲ್ಲ ಎಂದು ಸಂತೋಷಪಡಬೇಕು. ಏಕೆಂದರೆ ಧರ್ಮಾಂಬುಧಿ ಕೆರೆ ಇದ್ದ ಕಡೆ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆ ಇದ್ದ ಕಡೆ ಕಂಠೀರವ ಕ್ರೀಡಾಂಗಣವಿದೆ. ಈ ಕೆರೆಗಳೆಲ್ಲ ಬೇಡವಾದದ್ದು ಹೇಗೆ ಎಂದು ಹುಡುಕಿಕೊಂಡು ಹೋದರೆ ದಾರಿ ಹೆಸರಘಟ್ಟಕ್ಕೆ ಹೋಗಿ ನಿಲ್ಲುತ್ತದೆ.

ಹಿಂದೆ ಬೆಂಗಳೂರಿಗೆ ನದಿ ಎಂಬುದಿರಲಿಲ್ಲ, ಈಗಲೂ ಇಲ್ಲ. ಪೇಟೆಯವರಿಗೂ ದಂಡಿನವರಿಗೂ ಕೆರೆ, ಕಲ್ಯಾಣಿ, ಬಾವಿಗಳೇ ಆಧಾರ. 1876 ರಿಂದ 1878 ರವರೆಗೆ ಮೈಸೂರು ಸೀಮೆಯನ್ನು ಹಿಂಡಿದ ಧಾತು ಈಶ್ವರ ಬರದ ಮಾತು ನಮ್ಮ ಅಜ್ಜಂದಿರ ಬಾಯಲ್ಲಿತ್ತು. ಆ ಎರಡು ಸಂವತ್ಸರಗಳ ಹೆಸರೇ ಬರಕ್ಕೆ ಹೆಸರಾಯಿತು. 1871 ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881 ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು ಅಂದರೆ ಬರ ಎಂಥದ್ದು ಎಂದು ಊಹಿಸಿಕೊಳ್ಳಿ. ಬರ ಕಳೆದ ಮೇಲೆ 1882 ರಲ್ಲಿ ಮಲ್ಲೇಶ್ವರದ ಮಗ್ಗುಲಿಗೆ ಸ್ಯಾಂಕಿ ಕೆರೆ ಕಟ್ಟಿದರು. ಅದೂ ಸಾಲದೆ ಬಂತು.

ಆಗ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್. 1883 ರಿಂದ 1901 ರವರೆಗೆ ದಿವಾನಗಿರಿ ಮಾಡಿದವರು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆಯಿಂದ ಇಳಿದು ಬರುವ ಅರ್ಕಾವತಿ ನದಿಗೆ ಹೆಸರಘಟ್ಟದಲ್ಲಿ ಏರಿ ಹಾಕಿ ದೊಡ್ಡ ಕೆರೆ ಮಾಡುವ ಯೋಜನೆ ಅವರ ಕಾಲದ್ದು. 1894 ರಲ್ಲಿ ಕೆರೆಯಾಯಿತು. ಮಹಾರಾಜ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಚಾಮರಾಜೇಂದ್ರ ನೀರು ಸರಬರಾಜು ಯೋಜನೆ ಎಂದು ಕರೆದರು. ಒಂದೆರಡು ವರ್ಷ ಮಳೆ ಕೈಕೊಟ್ಟರೂ ಪಟ್ಟಣಕ್ಕೆ ನೀರು ನಿಲ್ಲಬಾರದು, ಮೂರು ವರ್ಷಕ್ಕಾಗುವಷ್ಟು ನೀರು ನಿಲ್ಲಬೇಕು ಎಂಬುದು ಲೆಕ್ಕಾಚಾರ. 1896 ರ ಹೊತ್ತಿಗೆ ಹೆಸರಘಟ್ಟದ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಬಂತು.

ನಾವು ಮತ್ತಿಕೆರೆಯಲ್ಲಿ ಸೇರಿ, ಯಶವಂತಪುರ ದಾಟಿ, ಎಂಟನೇ ಮೈಲಿಯಲ್ಲಿ ತುಮಕೂರು ರಸ್ತೆ ಬಿಟ್ಟು ಬಲಕ್ಕೆ ತಿರುಗಿ ಚಿಕ್ಕಬಾಣಾವರದ ಮೇಲೆ ಹೋದೆವು. ಇದು ಹೆಚ್ಚುಕಮ್ಮಿ ಆ ನೀರು ಬಂದ ದಾರಿಯೇ, ಆದರೆ ನಾವು ಎದುರು ದಿಕ್ಕಿನಲ್ಲಿ ಹೋಗುತ್ತಿದ್ದೆವು. ಕೆರೆಯಿಂದ ಸೋಲದೇವನಹಳ್ಳಿಯವರೆಗೆ ಇಟ್ಟಿಗೆಯಲ್ಲಿ ಕಟ್ಟಿದ ಕಾಲುವೆಯಲ್ಲಿ ನೀರು ತಾನಾಗಿಯೇ ಇಳಿಜಾರಿಗೆ ಹರಿದು ಬರುತ್ತಿತ್ತು. ಕರೆಂಟು ಇಲ್ಲದ ಕಾಲ ಅದು. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ದೀಪ ಹೊತ್ತಿಸಿದ್ದೇ 1905 ರಲ್ಲಿ. ಆದ್ದರಿಂದ ಸೋಲದೇವನಹಳ್ಳಿಯಲ್ಲಿ ಉಗಿಯಂತ್ರ ಇಟ್ಟು ಅಲ್ಲಿಂದ ಕಬ್ಬಿಣದ ಕೊಳವೆಯಲ್ಲಿ ಪಟ್ಟಣಕ್ಕೆ ಎತ್ತಿ ಕಳಿಸುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ಮಲ್ಲೇಶ್ವರದಲ್ಲಿ ನೀರು ಸೋಸುವ ಕಾರ್ಖಾನೆಯಾಯಿತು. ನಮ್ಮ ಕಡೆ ಹಳಬರು ಇವತ್ತಿಗೂ ಆ ಜಾಗವನ್ನು ‘ಜ್ಯುವೆಲ್ ಫಿಲ್ಟರ್’ ಅಂತಲೇ ಕರೆಯುವುದು.

1898 ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆ ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿಗಳ ಹೊಸ ಬಡಾವಣೆಗಳಿಗೆ ಬಂದರು. ಅಗಲವಾದ ರಸ್ತೆ, ಮನೆಮುಂದೆ ಗಿಡ, ಬೀದಿಯಲ್ಲಿ ನಲ್ಲಿ. ಈ ನಲ್ಲಿಯ ನೀರು ಹಳ್ಳಿಯ ಕೆರೆಯದು ಎಂದು ಎಷ್ಟು ಜನ ನೆನೆದರೋ ಗೊತ್ತಿಲ್ಲ. ಮನೆ ಬಾಗಿಲಿಗೆ ನೀರು ಬಂದ ಮೇಲೆ ಊರ ಕೆರೆಯ ಹೂಳು ಎತ್ತುವವರು ಕಡಿಮೆಯಾದರು, ನೀರುಗಂಟಿಯ ಕೆಲಸ ಹೋಯಿತು. ಕೊನೆಗೆ ಕೆರೆ ಅಂದರೆ ಬರೀ ಖಾಲಿ ಜಾಗ ಅನ್ನಿಸತೊಡಗಿತು. ಹೀಗೆ ಹೆಸರಘಟ್ಟದ ಒಂದು ಕೆರೆ ತುಂಬಿದ್ದರಿಂದ ಪಟ್ಟಣದ ಹತ್ತು ಕೆರೆ ಬೇಡವಾದವು.

ಹೆಸರಘಟ್ಟದ ಮೇಲಿನ ಭರವಸೆಯೂ ಬಹಳ ಕಾಲ ನಡೆಯಲಿಲ್ಲ. 1920 ರ ದಶಕದಲ್ಲಿ ಸಾಲಾಗಿ ಮಳೆ ಹೋಗಿ ಕೆರೆ ಬತ್ತಿತು. ಆಗ ಅದೇ ಅರ್ಕಾವತಿಗೆ ಕೆಳಗೆ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಜಲಾಶಯ ಕಟ್ಟಿ 1933 ರಲ್ಲಿ ನೀರು ತಂದರು. ಅದೂ ಸಾಲದಾಗಿ 1974 ರಲ್ಲಿ ನೂರು ಕಿಲೋಮೀಟರ್ ದೂರದಿಂದ ಕಾವೇರಿ ಬಂತು. ಒಂದು ನೀರು ಸಾಲದಾದಾಗ ಅದನ್ನು ಸರಿಮಾಡುವ ಬದಲು ಇನ್ನೂ ದೂರದ ನೀರಿಗೆ ಕೈಹಾಕುವುದೇ ನೂರು ವರ್ಷದಿಂದ ಬೆಂಗಳೂರಿನ ಪದ್ಧತಿ.

ಕೆರೆಯ ಏರಿಯ ಮೇಲೆ ನಿಂತಾಗ ಅಲ್ಲೇ ಕುರಿ ಬಿಟ್ಟುಕೊಂಡು ಕೂತಿದ್ದ ಹಿರಿಯರೊಬ್ಬರನ್ನು ಮಾತಾಡಿಸಿದೆವು.

“ಯಜಮಾನ್ರೇ, ಈ ಕೆರೆ ಕೋಡಿ ಬಿದ್ದದ್ದು ನೀವು ನೋಡಿದ್ದೀರಾ?”

“ನೋಡ್ದೆ ಏನಪ್ಪಾ! ನಾ ಹುಡುಗ್ನಾಗಿದ್ದಾಗ ಕೋಡಿ ಬಿದ್ರೆ ಸದ್ದು ಊರೊಳಕ್ಕೆ ಕೇಳ್ತಿತ್ತು. ಆಮೇಲೆ ಒಣಗ್ತಾ ಬಂತು. ಅಂಗಳದಾಗೆ ಜಾಲಿ ಬೆಳ್ಕೊಂತು. ನಮ್ಮ ಮಕ್ಕಳು ಕೆರೆ ಅಂದ್ರೆ ಬಯಲು ಅಂದ್ಕೊಂಡ್ರು. 2022 ರಾಗೆ ಮಳೆ ಹೊಡೀತು ನೋಡಿ, ನೀರು ಬಂತು. ನೋಡಕ್ಕೆ ಊರಿಗೆ ಊರೇ ಎದ್ದು ಬಂತು.”

ಅವರ ಮಾತು ನಿಜ. ಹಲವು ದಶಕ ಬರಿದಾಗಿದ್ದ ಕೆರೆಗೆ 2022 ರ ಮಳೆಗಾಲದಲ್ಲಿ ನೀರು ಬಂದದ್ದು ಪತ್ರಿಕೆಗಳಲ್ಲೂ ಬಂದಿತ್ತು. ಆದರೆ ಅಲ್ಲಿಯವರೆಗೆ ಯಾಕೆ ಬತ್ತಿತ್ತು? ಮಳೆ ಕಮ್ಮಿಯಾಯಿತು ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅರ್ಕಾವತಿ ಕಣಿವೆಯಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದ ತಜ್ಞರು ಮಳೆಯ ಲೆಕ್ಕ ತೆಗೆದು ನೋಡಿ, ನದಿ ಒಣಗಲು ಮಳೆ ಮುಖ್ಯ ಕಾರಣವಲ್ಲ ಎಂದು ಹೇಳಿದ್ದಾರೆ. ಅವರು ತೋರಿಸಿದ ದೊಡ್ಡ ಕಾರಣಗಳು ಎರಡು. ಒಂದು ಕೊಳವೆಬಾವಿ. ನೆಲದೊಳಗಿನ ನೀರು ಒಂದು ಕಾಲಕ್ಕೆ ಮೇಲಕ್ಕೆ ಒಸರಿ ಹಳ್ಳಕ್ಕೆ ಬಂದು ಸೇರುತ್ತಿತ್ತು. ಅದು ಆಳಕ್ಕಿಳಿದ ಮೇಲೆ ಮಳೆ ನಿಂತ ಮರುದಿನವೇ ಹಳ್ಳ ಒಣಗುತ್ತದೆ. ಎರಡನೆಯದು ನೀಲಗಿರಿ.

ನೀಲಗಿರಿಯ ವಿಷಯ ನಮ್ಮ ಸದಸ್ಯರಿಗೆ ಹೇಳಿಕೊಡಬೇಕಾಗಿಲ್ಲ. ಸಾಮಾಜಿಕ ಅರಣ್ಯದ ಕಾಲದಲ್ಲಿ, ಅಂದರೆ 1980 ರ ದಶಕದಲ್ಲಿ, ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆ ರಾಗಿ ಹೊಲಗಳೆಲ್ಲ ನೀಲಗಿರಿ ತೋಪಾದವು. ರೈತರು ದಡ್ಡರಾಗಿ ಹಾಕಲಿಲ್ಲ. ಕೂಲಿಯಾಳು ಸಿಗುತ್ತಿರಲಿಲ್ಲ, ರಾಗಿಗೆ ಬೆಲೆ ಇರಲಿಲ್ಲ. ಒಂದು ಸಲ ನೆಟ್ಟರೆ ದನ ಮೇಯಲ್ಲ, ಕಾವಲು ಬೇಕಿಲ್ಲ, ಕಡಿದ ಮೇಲೆ ಮತ್ತೆ ಚಿಗುರುತ್ತೆ, ವ್ಯಾಪಾರಿ ಮನೆ ಬಾಗಿಲಿಗೆ ಬರುತ್ತಾನೆ. ಆದರೆ ಅದರ ಬೇರು ವರ್ಷವಿಡೀ ಆಳದ ತೇವ ಎಳೆಯುತ್ತದೆ ಎಂಬುದು ಪಕ್ಕದ ಹೊಲದ ಬಾವಿ ಬತ್ತಿದ ಮೇಲೆ ತಿಳಿಯಿತು. 2017 ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಳೆಯ ಬೊಡ್ಡೆಗಳು ಇನ್ನೂ ಎಷ್ಟೋ ಕಡೆ ಚಿಗುರುತ್ತಲೇ ಇವೆ.

ಇನ್ನು ಹುಲ್ಲುಗಾವಲಿನ ವಿಷಯಕ್ಕೆ ಬರುತ್ತೇನೆ. ಮೊದಲ ಸಲ ನೋಡಿದವರಿಗೆ ಇದು ಬೀಳು ನೆಲ ಅನ್ನಿಸುತ್ತದೆ. ನಮ್ಮ ಜೊತೆ ಬಂದಿದ್ದ ನಿರ್ದೇಶಕರೊಬ್ಬರು, “ಇಷ್ಟು ಜಾಗ ಸುಮ್ನೆ ಬಿಟ್ಟವ್ರಲ್ಲ, ಗಿಡನಾದ್ರೂ ನೆಡಬಾರ್ದಾ?” ಅಂದರು. ಬಹಳ ಜನರ ಅಭಿಪ್ರಾಯವೂ ಇದೇ. ಆದರೆ ನಮ್ಮ ಮೈಸೂರು ಸೀಮೆಯ ಹಿರಿಯರು ಹುಲ್ಲನ್ನು ಬೀಳು ಎಂದು ಯಾವತ್ತೂ ತಿಳಿದವರಲ್ಲ. ಅದಕ್ಕೆ ‘ಕಾವಲು’ ಎಂಬ ಗೌರವದ ಹೆಸರಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯೇ ಮುಂದೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಆಯಿತು. ಫಿರಂಗಿ ಎಳೆದ ಎತ್ತುಗಳು ಈ ಸೀಮೆಯ ಕಾವಲುಗಳಲ್ಲಿ ಮೇದು ಬೆಳೆದವು. ಯಾವ ಕಾವಲಿಗೆ ಯಾವ ತಿಂಗಳು ದನ ಬಿಡಬೇಕು, ಯಾವಾಗ ಬಿಡಬಾರದು ಎಂಬ ಕಟ್ಟುಪಾಡು ಇತ್ತು. ಹುಲ್ಲು ಬೀಜ ಕಟ್ಟಿ ಉದುರುವವರೆಗೆ ಕಾಯುವುದು ಆ ಕಾಲದ ವಿಜ್ಞಾನ.

ಹೆಸರಘಟ್ಟದ ಹುಲ್ಲಿನ ನೆಲದ ಬಹುಭಾಗ ಪಶುಸಂಗೋಪನಾ ಇಲಾಖೆಯದು. ನೆಲವೂ ಹುಲ್ಲೂ ಇದ್ದುದರಿಂದಲೇ ಅಲ್ಲಿಗೆ ಜಾನುವಾರು ಸಂಸ್ಥೆಗಳು ಬಂದವು. ಡೆನ್ಮಾರ್ಕ್ ದೇಶದ ನೆರವಿನಿಂದ 1969 ರಲ್ಲಿ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನಾ ಮತ್ತು ತರಬೇತಿ ಸಂಸ್ಥೆ ಆಯಿತು. ಕರ್ನಾಟಕ ಹಾಲು ಮಹಾಮಂಡಳದ ನಂದಿನಿ ವೀರ್ಯ ಕೇಂದ್ರವೂ ಹೆಸರಘಟ್ಟದಲ್ಲೇ ಇದೆ. ಹೋರಿಗಳ ವೀರ್ಯವನ್ನು ಸಣ್ಣ ಕಡ್ಡಿಗಳಲ್ಲಿ ತುಂಬಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದ ಕ್ಯಾನಿನಲ್ಲಿ ಇಟ್ಟು ಹಳ್ಳಿಹಳ್ಳಿಗೆ ಕಳಿಸುತ್ತಾರೆ. ನಾವು ಬಾಯಿಮಾತಿನಲ್ಲಿ “ಹಸೂಗೆ ಇಂಜೆಕ್ಷನ್ ಕೊಡಿಸೋದು” ಅನ್ನುವುದರ ಹಿಂದೆ ಇಷ್ಟು ಕೆಲಸ ಇದೆ. 1974 ರಲ್ಲಿ ಹೈನು ಅಭಿವೃದ್ಧಿ ನಿಗಮವಾಗಿ, 1984 ರಲ್ಲಿ ಅದೇ ಹಾಲು ಮಹಾಮಂಡಳವಾದಾಗ ಹಳ್ಳಿಗಳಲ್ಲಿ ಸಂಘಗಳು ಒಂದೊಂದಾಗಿ ಹುಟ್ಟಿದವು. ಡೈರಿಯ ಮುಂದೆ ಕ್ಯಾನು ಸಾಲು ನಿಂತದ್ದು ಈ ತಳಿಯ ಬಲದಿಂದ. ನಾಟಿ ಹಸು ಒಂದೂವರೆ ಎರಡು ಲೀಟರು ಕರೆಯುತ್ತಿದ್ದ ಮನೆಯಲ್ಲಿ ಮಿಶ್ರತಳಿ ಬಂದ ಮೇಲೆ ಹೊತ್ತಿಗೆ ಐದಾರು ಲೀಟರು ಕರೆದು ಮಗಳ ಮದುವೆ, ಮಗನ ಓದು ಆದದ್ದು ನಮ್ಮ ಕಣ್ಣ ಮುಂದಿದೆ.

ಅಲ್ಲೇ ಇರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳ ಹೆಸರನ್ನೂ ಗಮನಿಸಿ. ಅರ್ಕಾ ಅನಾಮಿಕಾ ಬೆಂಡೆ, ಅರ್ಕಾ ಕಲ್ಯಾಣ್ ಈರುಳ್ಳಿ, ಅರ್ಕಾ ರಕ್ಷಕ್ ಟೊಮೆಟೊ. ಈ ‘ಅರ್ಕಾ’ ನಮ್ಮ ಅರ್ಕಾವತಿಯೇ. ನದಿ ಬತ್ತಿದರೂ ಬೀಜದ ಪಾಕೀಟಿನ ಮೇಲೆ ಅದರ ಹೆಸರು ದೇಶವೆಲ್ಲ ತಿರುಗುತ್ತಿದೆ. 1990 ರಲ್ಲಿ ಪ್ರತಿಮಾ ಬೇಡಿಯವರು ಕಟ್ಟಿದ ನೃತ್ಯಗ್ರಾಮವೂ ಈ ಊರಿನ ಹತ್ತಿರವೇ ಇದೆ.

ಹುಲ್ಲು ಮಾಡುವ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಬಿದ್ದ ಮಳೆಯನ್ನು ಅದು ತಡೆದು ನಿಧಾನವಾಗಿ ನೆಲಕ್ಕೆ ಇಳಿಸುತ್ತದೆ, ಮಣ್ಣು ಕೊಚ್ಚಿ ಕೆರೆಗೆ ಹೂಳಾಗಿ ಹೋಗದಂತೆ ಹಿಡಿಯುತ್ತದೆ. ನೀಲಗಿರಿಯ ಹಾಗೆ ಆಳದ ನೀರಿಗೆ ಬಾಯಿ ಹಾಕುವುದಿಲ್ಲ. ಗೌಜಲು, ಲಾವಕ್ಕಿ, ನೆಲದ ಮೇಲೆ ಗೂಡು ಮಾಡುವ ಸಣ್ಣ ಹಕ್ಕಿಗಳು ಅಲ್ಲಿವೆ. ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಸಾವಿರಾರು ಮೈಲಿ ಹಾರಿ ಬರುವ ಗಿಡುಗದ ಜಾತಿಯ ಹಕ್ಕಿಗಳು ರಾತ್ರಿ ಇಂಥ ಹುಲ್ಲಿನ ನಡುವೆಯೇ ತಂಗುತ್ತವೆ. ಅವು ತಿನ್ನುವುದು ಮಿಡತೆ ಮತ್ತು ಇಲಿ. ರೈತನಿಗೆ ಇದಕ್ಕಿಂತ ಉಪಕಾರಿ ನೆಂಟ ಯಾರಿದ್ದಾರೆ? ಅಲ್ಲಿ ಸಾಲು ಮರ ನೆಟ್ಟರೆ ಈ ಹಕ್ಕಿಗಳಿಗೆ ಜಾಗವಿಲ್ಲ, ಕುರಿಗೂ ಮೇವಿಲ್ಲ.

ಈ ನೆಲವನ್ನು ಚಿತ್ರನಗರಿಗೆ ಕೊಡಬೇಕು, ಮತ್ತೊಂದಕ್ಕೆ ಕೊಡಬೇಕು ಎಂಬ ಮಾತು ವರ್ಷಗಟ್ಟಲೆ ನಡೆಯಿತು. ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಬೇಕೆಂಬ ಪ್ರಸ್ತಾವವನ್ನು 2021 ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಿರಸ್ಕರಿಸಿತ್ತು. ಸುತ್ತಲ ಹಳ್ಳಿಗಳ ರೈತರಿಗೆ ತೊಂದರೆಯಾಗುತ್ತದೆ ಎಂಬುದು ಆಗ ಕೇಳಿಬಂದ ಮುಖ್ಯ ಆಕ್ಷೇಪಣೆ. ವಿಷಯ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಕೊನೆಗೆ 2024 ರಲ್ಲಿ ಸಚಿವ ಸಂಪುಟ ಸುಮಾರು 5,678 ಎಕರೆಯನ್ನು ಬೃಹತ್ ಹೆಸರಘಟ್ಟ ಹುಲ್ಲುಗಾವಲು ಸಂರಕ್ಷಣಾ ಮೀಸಲು ಎಂದು ಘೋಷಿಸಲು ಒಪ್ಪಿಗೆ ಕೊಟ್ಟಿತು.

ಏರಿಯ ಮೇಲಿದ್ದ ಹಿರಿಯರ ಭಯವೂ ಇದೇ. “ಬೇಲಿ ಹಾಕಿ ಕುರಿ ಬುಡಲ್ಲ ಅಂದ್ರೆ ನಾವೆಲ್ಲಿಗೆ ಹೋಗಾನ ಸ್ವಾಮಿ?” ಎಂದು ಕೇಳಿದರು. ಅವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಕಾಡಿನ ಹೆಸರಿನಲ್ಲಿ ಮೇವಿನ ದಾರಿ ಮುಚ್ಚಿಹೋದ ಹಳ್ಳಿಗಳು ನಮ್ಮ ರಾಜ್ಯದಲ್ಲಿ ಇವೆ. ಆದ್ದರಿಂದ ಕಾನೂನು ಏನು ಹೇಳುತ್ತದೆ ಎಂದು ತಿಳಿದವರಿಂದ ಕೇಳಿ, ಓದಿಸಿ ನೋಡಿದೆ. ಸದಸ್ಯರು ಇದನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇನೆ.

ರಾಷ್ಟ್ರೀಯ ಉದ್ಯಾನ ಬೇರೆ, ಅಭಯಾರಣ್ಯ ಬೇರೆ, ಸಂರಕ್ಷಣಾ ಮೀಸಲು ಬೇರೆ. ಈ ಮೂರನೆಯದು 1972 ರ ವನ್ಯಜೀವಿ ಕಾಯಿದೆಗೆ 2002 ರ ತಿದ್ದುಪಡಿಯಿಂದ ಬಂದದ್ದು. 36-ಎ ಕಲಮಿನ ಪ್ರಕಾರ ಸರ್ಕಾರಿ ನೆಲವನ್ನು ಮಾತ್ರ ಮೀಸಲು ಮಾಡಬಹುದು, ರೈತರ ಪಟ್ಟಾ ಜಮೀನನ್ನು ಸೇರಿಸುವಂತಿಲ್ಲ. ಘೋಷಿಸುವ ಮುಂಚೆ ಸ್ಥಳೀಯ ಜನರ ಜೊತೆ ಸಮಾಲೋಚನೆ ಮಾಡಬೇಕು. ಬೆಂಕಿ ಹಚ್ಚುವುದಕ್ಕೆ ನಿಷೇಧವಿದೆ. ಅಭಯಾರಣ್ಯದಲ್ಲಿ ದನಕುರಿ ಮೇಯಿಸುವುದನ್ನು ನಿಷೇಧಿಸುವ ಅಧಿಕಾರ ಕೊಡುವ ಒಂದು ಉಪಕಲಮು ಕಾಯಿದೆಯಲ್ಲಿದೆ. ಸಂರಕ್ಷಣಾ ಮೀಸಲಿಗೆ ಯಾವ ಯಾವ ಕಲಮುಗಳು ಅನ್ವಯ ಎಂದು ಪಟ್ಟಿ ಮಾಡಿದ ಕಡೆ ಆ ಉಪಕಲಮನ್ನು ಸೇರಿಸಿಲ್ಲ. ಇದು ಸಣ್ಣ ವಿಷಯವಲ್ಲ.

ಅದಕ್ಕಿಂತ ದೊಡ್ಡದು ಮುಂದಿನ 36-ಬಿ ಕಲಮು. ಮೀಸಲು ಪ್ರದೇಶ ನೋಡಿಕೊಳ್ಳಲು ಒಂದು ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಅರಣ್ಯ ಇಲಾಖೆಯವರ ಜೊತೆಗೆ, ಯಾವ ಯಾವ ಗ್ರಾಮ ಪಂಚಾಯಿತಿಯ ವ್ಯಾಪ್ತಿಗೆ ಆ ಪ್ರದೇಶ ಬರುತ್ತದೋ ಆ ಪ್ರತಿಯೊಂದು ಪಂಚಾಯಿತಿಯಿಂದ ಒಬ್ಬ ಪ್ರತಿನಿಧಿ, ವನ್ಯಜೀವಿ ರಕ್ಷಣೆಯ ಸಂಸ್ಥೆಗಳಿಂದ ಮೂವರು, ಕೃಷಿ ಇಲಾಖೆ ಮತ್ತು ಪಶುಸಂಗೋಪನಾ ಇಲಾಖೆಯಿಂದ ಒಬ್ಬೊಬ್ಬರು ಇರಬೇಕು. ಅಂದರೆ ಹಳ್ಳಿಯವರಿಗೆ ಕಾನೂನೇ ಒಂದು ಕುರ್ಚಿ ಹಾಕಿಟ್ಟಿದೆ. ಆ ಕುರ್ಚಿಯಲ್ಲಿ ಕುರಿ, ಹುಲ್ಲು, ನೀರು ಮೂರೂ ಗೊತ್ತಿರುವವನು ಕೂರುತ್ತಾನೋ, ಇಲ್ಲ ಸೈಟು ವ್ಯಾಪಾರದವನು ಕೂರುತ್ತಾನೋ ಎಂಬುದರ ಮೇಲೆ ಹೆಸರಘಟ್ಟದ ಮುಂದಿನ ಚರಿತ್ರೆ ನಿಂತಿದೆ.

ನಾವು ಸಹಕಾರಿಗಳು ಇದನ್ನು ಬೇಗ ಅರ್ಥಮಾಡಿಕೊಳ್ಳಬಲ್ಲೆವು. ಸಂಘದ ಸಭೆಗೆ ಬಾರದೆ ಹೊರಗೆ ಹರಟೆ ಕಟ್ಟೆಯಲ್ಲಿ ಕೂತು ಆಕ್ಷೇಪಣೆ ಮಾಡಿದವನಿಂದ ಯಾವ ಸಂಘವೂ ಉದ್ಧಾರ ಆಗಿಲ್ಲ. ಷೇರು ಹಾಕಿದವನು ಸಭೆಗೆ ಬರಬೇಕು, ಲೆಕ್ಕ ಕೇಳಬೇಕು, ಬೇಡದ್ದಕ್ಕೆ ಬೇಡ ಎಂದು ನಡವಳಿ ಪುಸ್ತಕದಲ್ಲಿ ಬರೆಸಬೇಕು. ಯಾವ ತಿಂಗಳು ಹುಲ್ಲು ಬೀಜ ಕಟ್ಟುತ್ತದೆ, ಆಗ ಯಾವ ಭಾಗಕ್ಕೆ ಕುರಿ ಬಿಡಬಾರದು, ಯಾವ ಭಾಗಕ್ಕೆ ಬಿಡಬಹುದು ಎಂದು ಏರಿಯ ಮೇಲೆ ಸಿಕ್ಕಿದ ಆ ಹಿರಿಯರಂಥವರು ಸಮಿತಿಯಲ್ಲಿ ಕೂತು ಹೇಳಿದರೆ ಹಳೆಯ ಕಾವಲಿನ ಕಟ್ಟುಪಾಡೇ ಹೊಸ ಹೆಸರಿನಲ್ಲಿ ಮತ್ತೆ ನಡೆಯುತ್ತದೆ.

ಹೆಸರಘಟ್ಟದಿಂದ ಎಲ್ಲರೂ ತೆಗೆದುಕೊಂಡರು. ಪಟ್ಟಣ ನೀರು ತೆಗೆದುಕೊಂಡಿತು, ನಾವು ತಳಿ ತೆಗೆದುಕೊಂಡೆವು, ಕೊಳವೆಬಾವಿ ಒಡಲಿನ ನೀರನ್ನು ತೆಗೆಯಿತು. ಬರೀ ಸಾಲ ಕೊಟ್ಟು ಠೇವಣಿ ಕಟ್ಟಿಸಿಕೊಳ್ಳದ ಸಂಘ ಎಷ್ಟು ವರ್ಷ ನಡೆದೀತು? 2024 ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿನ ಹಿಂದೆ ಓಡಿದ್ದನ್ನು ನೋಡಿದ್ದೇವೆ. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ದಿನಕ್ಕೆ 77.5 ಕೋಟಿ ಲೀಟರು ನೀರು ಪಟ್ಟಣದ ಅಂಚಿನ 110 ಹಳ್ಳಿಗಳಿಗೆಂದು ಬಂತು. ಬಹಳ ಒಳ್ಳೆಯದು. ಆದರೆ ಮನೆ ಬಾಗಿಲಿಗೆ ನಲ್ಲಿ ಬಂದಾಗ ಊರ ಕೆರೆ ಏನಾಗುತ್ತದೆ ಎಂಬುದಕ್ಕೆ 1896 ರ ಉದಾಹರಣೆ ನಮ್ಮ ಮುಂದಿದೆ. ಈ ಸಲ ಆ 110 ಹಳ್ಳಿಗಳವರು ನಲ್ಲಿಯನ್ನೂ ಇಟ್ಟುಕೊಳ್ಳಲಿ, ಕೆರೆಯನ್ನೂ ಇಟ್ಟುಕೊಳ್ಳಲಿ.

ಕೊನೆಯದಾಗಿ ಸಂಘದ ಸದಸ್ಯರಲ್ಲಿ ನನ್ನ ವಿನಂತಿ ಎರಡು. ನಿಮ್ಮ ನಿಮ್ಮ ಊರಿನ ಗೋಮಾಳದ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ತಿಳಿದು ಬರೆದಿಟ್ಟುಕೊಳ್ಳಿ. ಪಹಣಿಯಲ್ಲಿ ಗೋಮಾಳ ಅಂತ ಇದ್ದು ನೆಲದ ಮೇಲೆ ಕಾಣದಿದ್ದರೆ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಎರಡನೆಯದು, ಮಕ್ಕಳನ್ನು ಒಂದು ಭಾನುವಾರ ಹೆಸರಘಟ್ಟಕ್ಕೆ ಕರೆದುಕೊಂಡು ಹೋಗಿ. ಹುಲಿ ತೋರಿಸಲಿಕ್ಕೆ ಆಗದಿದ್ದರೂ, ಅವರು ಕುಡಿಯುವ ಹಾಲಿಗೂ ಆ ಹುಲ್ಲಿಗೂ ಇರುವ ಸಂಬಂಧವನ್ನು ಹೇಳಿಕೊಡಬಹುದು. ನಮ್ಮ ಸಂಘ ಸುವರ್ಣ ಮಹೋತ್ಸವ ಆಚರಿಸುವಾಗ ಆ ಮಕ್ಕಳೇ ನಿರ್ದೇಶಕರಾಗಿರುತ್ತಾರೆ. ಆಗ ಹೆಸರಘಟ್ಟದ ಏರಿಯ ಒಂದು ಕಡೆ ನೀರೂ ಇನ್ನೊಂದು ಕಡೆ ಹುಲ್ಲೂ ಇರಲಿ ಎಂದು ಹಾರೈಸುತ್ತೇನೆ.

ಜೈ ಸಹಕಾರ.